ಕುಲುಕಿದ ಸದ್ದು

ಒಂದು ಔಷಧ ನೀರಿನಂತೆ ತಯಾರಾಗಿಯೇ ಬರುತ್ತದೆ,
ಡೆಕ್ಸಾಮೆಥಸೋನ್. ಹೆಬ್ಬೆರಳಿನಷ್ಟು ಸೀಸೆ,
ಬೆಲೆ ಬಸ್ ನಿಲ್ದಾಣದ ಒಂದು ಲೋಟ ಕಾಫಿ.
ಇನ್ನೊಂದು ಬಿಳಿ ಪುಡಿ, ಮಿಥೈಲ್ ಪ್ರೆಡ್ನಿಸೊಲೋನ್.
ನೀರು ಬೆರೆಸಬೇಕು, ಕುಲುಕಬೇಕು, ನೊರೆ ಇಳಿಯಲು ಕಾಯಬೇಕು,
ಮೈತೂಕ ಕೇಳಿ ಅಳೆಯಬೇಕು.

ಯಾರಿಗೆ ಯಾವುದೆಂದು ಅಂಟಿಸಿದ ಲಕೋಟೆ ಹೇಳುತ್ತದೆ.
ಒಡೆಯುವವಳು ನಾನು.
ಡಾಕ್ಟರಿಗೆ ಗೊತ್ತಾಗಬಾರದು, ರೋಗಿಗೆ ಗೊತ್ತಾಗಬಾರದು,
ಬಾಗಿಲಾಚೆ ಟಿಫನ್ ಕ್ಯಾರಿಯರ್ ಹಿಡಿದು ನಿಂತವರಿಗೂ.
ಕೋಲಾರದ ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ
ಹಸಿರು ಪರದೆಯ ಹಿಂದೆ, ಆ ಮಾಗಿಯಿಡೀ,
ಬಲ್ಲವಳು ನಾನೊಬ್ಬಳು.
ಎರಡನ್ನೂ ಹತ್ತು ಎಂಎಲ್ ಮಾಡಿ, ಸಿರಿಂಜಿಗೆ ಬೆಳ್ಳಿಹಾಳೆ ಸುತ್ತಿ
ಮುಖದಲ್ಲಿ ಏನೂ ಇಲ್ಲದ ಹಾಗೆ ಹೊರಬರಬೇಕು.
ಮಾಸ್ಕು ಅದಕ್ಕೆ ಅನುಕೂಲ.

ಏಳನೇ ಮಂಚ ಚೌಡರೆಡ್ಡಿ. ಟೊಮೆಟೊ ಮಂಡಿಯಲ್ಲಿ ತೂಕದವನು,
ಮೂವತ್ತು ವರ್ಷ ತಕ್ಕಡಿಯ ಮುಳ್ಳನ್ನೇ ನೋಡಿದ ಕಣ್ಣು.
ಎಕ್ಸ್‌ರೇಯಲ್ಲಿ ಎರಡೂ ಕಡೆ ಮಂಜು,
ಆಕ್ಸಿಜನ್ ಎಂಬತ್ನಾಲ್ಕು.
ತೂಕದ ಯಂತ್ರದ ಮೇಲೆ ನಿಲ್ಲುವ ಸ್ಥಿತಿಯಿಲ್ಲ, ಬಾಯಲ್ಲೇ ಕೇಳಿದೆ.
“ಅರವತ್ತೆರಡು,”
ಒಂದೊಂದು ಅಕ್ಷರಕ್ಕೂ ಒಂದೊಂದು ಉಸಿರು ತೆತ್ತು ಅಂದ,
“ಬರ್ಕಳಮ್ಮ. ನೂರು ಗ್ರಾಂ ಆಚೀಚೆ.”

ಪಕ್ಕದ್ದು ನೂರ್ ಪಾಷಾ, ರೇಷ್ಮೆ ಬಿಚ್ಚಾಣಿಕೆಯವನು,
ಬಿಸಿನೀರಲ್ಲಿ ಬೆಂದು ಬೆಂದು ಬೆರಳ ಗೆರೆ ಅಳಿಸಿದೆ.
ಬೆರಳಿಗೆ ಸಿಕ್ಕಿಸಿದ ಯಂತ್ರ ತಡವರಿಸುತ್ತಿತ್ತು;
ಕೊನೆಗೆ ಕಿವಿಯ ತುದಿಗೆ ಹಾಕಿದೆವು.

ಮೂರನೇ ರಾತ್ರಿ ಎರಡು ಗಂಟೆ.
“ನಿದ್ರ ರಾದಮ್ಮಾ,” ಎಂದು ಚೌಡರೆಡ್ಡಿ ಎದ್ದು ಕೂತ.
ಮುದ್ದೆ ಬೇಕಂತೆ, ಅವರೆಕಾಳು ಸಾರು ಬೇಕಂತೆ.
ಸಕ್ಕರೆ ನೋಡಿದರೆ ಮುನ್ನೂರ ಹದಿನೆಂಟು.
ಹಸಿವು, ಎಚ್ಚರ, ಏರುವ ಸಕ್ಕರೆ:
ಅದರಲ್ಲಿ ಎರಡು ಔಷಧವೂ ದಾಯಾದಿಗಳೇ.
ಇನ್ಸುಲಿನ್ ಚುಚ್ಚುವಾಗ ಮೆಲ್ಲಗೆ ಕೇಳಿದ:
“ನಂದು ನೀರಿಂದು, ಅಲ್ವಾ ಸಿಸ್ಟರ್?
ಪಕ್ಕದೋಂದು ಕುಲುಕೋ ಮಾಲು.
ಪರದೆ ಹಿಂದೆ ಸದ್ದು ಕೇಳ್ತೈತೆ.
ನಂಗೆ ಬರೋವಾಗ ಸದ್ದಿಲ್ಲ.”

ಬಣ್ಣ ಮುಚ್ಚಿದ್ದೆವು, ಅಳತೆ ಮುಚ್ಚಿದ್ದೆವು,
ಹೆಸರು ಮುಚ್ಚಿದ್ದೆವು. ಸದ್ದನ್ನು ಮರೆತಿದ್ದೆವು.

ಅವನ ಮಾತನ್ನು ಹಾಗೇ ರಿಜಿಸ್ಟರಿನಲ್ಲಿ ಬರೆದೆ.
ಮಾರನೆಯ ದಿನದಿಂದ ಎರಡನ್ನೂ ಕುಲುಕಿದೆ,
ಇಪ್ಪತ್ತು ಎಣಿಸಿ ಇದನ್ನು, ಇಪ್ಪತ್ತು ಎಣಿಸಿ ಅದನ್ನು.
ಕರಗಲು ಏನೂ ಇಲ್ಲದ ಸೀಸೆಯನ್ನು
ಕರಗಬೇಕಾದ್ದಕ್ಕಿಂತ ಜೋರಾಗಿ.
ಚೌಡರೆಡ್ಡಿ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ.
ನಂಬಿದನೋ, ನನ್ನ ಮೇಲೆ ಕನಿಕರಪಟ್ಟನೋ.

ಅವನನ್ನು ಸಾಮಾನ್ಯ ವಾರ್ಡಿಗೆ ಇಳಿಸಿದ ಮೇಲೆ
ಒಂದು ಗುರುವಾರ ನಸುಕಿನಲ್ಲಿ ನೂರ್ ಪಾಷಾ ತೀರಿಕೊಂಡ.
ಕಿವಿಯಿಂದ ಕ್ಲಿಪ್ಪು ತೆಗೆಯುವಾಗ
ಮನಸ್ಸು ತಪ್ಪು ಲೆಕ್ಕ ಹಾಕತೊಡಗಿತು:
ಲಕೋಟೆ ಅದಲುಬದಲಾಗಿದ್ದರೆ?
ಆದರೆ ಅದೇ ಪುಡಿ ಪಡೆದ ಮೂರನೇ ಮಂಚದ ಮುದುಕಿ
ನಡೆದುಕೊಂಡೇ ಮೆಟ್ಟಿಲಿಳಿದಿದ್ದಳು.
ಹನ್ನೆರಡನೆಯದರ ಹುಡುಗ, ಅವನದು ನೀರಿನದು,
ಐದನೇ ದಿನಕ್ಕೆ ಹೋಗಿದ್ದ.
ಒಬ್ಬರ ಎದುರು ಒಬ್ಬರನ್ನು ಇಟ್ಟು ತೂಗಬಾರದು
ಎಂದು ಟ್ರೈನಿಂಗಿನಲ್ಲಿ ಹೇಳಿದ್ದರು.
ತೂಗದೆ ಮನೆಗೆ ಹೋಗುವುದು ಹೇಗೆಂದು ಹೇಳಿರಲಿಲ್ಲ.

ಬೇಸಿಗೆಯಲ್ಲಿ ವಿಲಾಸಿನಿ ಮೇಡಂ ಕೋಷ್ಟಕ ಓದಿದರು.
ಟೀ, ಖಾರಾಬೂಂದಿ, ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು.
ಸತ್ತವರು ಈ ಗುಂಪಿನಲ್ಲಿ ನಾಲ್ಕು, ಆ ಗುಂಪಿನಲ್ಲಿ ಐದು.
“ಗಣನೀಯ ವ್ಯತ್ಯಾಸವಿಲ್ಲ. ಇಷ್ಟು ಕಡಿಮೆ ಜನರಲ್ಲಿ
ಇದೇ ಮೇಲು ಅನ್ನೋಕಾಗಲ್ಲ.”
ಫ್ಯಾನು ತಿರುಗುತ್ತಿತ್ತು. ಯಾರೋ ಸಕ್ಕರೆ ಕೇಳಿದರು.

ಚೌಡರೆಡ್ಡಿ ತಪಾಸಣೆಗೆ ಬಂದ, ಕೈಯಲ್ಲಿ ಟೊಮೆಟೊ ಚೀಲ.
ಈಗ ಹೇಳಬಹುದಿತ್ತು, ಹೇಳಿದೆ: “ನಿಮ್ಮದು ನೀರಿನದೇ.”
“ಗೊತ್ತಿತ್ತು ಬಿಡಮ್ಮ. ಮತ್ತೆ, ಯಾವ್ದು ಗೆಲ್ತು?”
“ಯಾವುದೂ ಇಲ್ಲ. ಮುಳ್ಳು ಮಧ್ಯಕ್ಕೇ ನಿಂತಿತು.”
ಮಂಡಿಯವನು ತಲೆದೂಗಿದ.
“ಮುಳ್ಳು ಮಧ್ಯ ನಿಂತ್ರೆ ತಟ್ಟೆ ಖಾಲಿ ಅಂತಲ್ಲ ಕಣಮ್ಮ.
ಎರಡೂ ಕಡೆ ಮಾಲೈತೆ ಅಂತ.”

ಆಮೇಲೆ, ಚೀಲ ಕೆಳಗಿಡುತ್ತ:
“ನನ್ ಪಕ್ಕದೋನು, ರೇಷ್ಮೆ ಸಾಬ್ರು, ಎಂಗವ್ರೆ?”

ತೋಳು ಚಾಚಿ ಎಂದೆ.
ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿದೆ,
ಸ್ಟೆತಸ್ಕೋಪಿನ ಎರಡೂ ತುದಿ ಕಿವಿಗಿಟ್ಟುಕೊಂಡೆ.